ಕತ್ತೆ ಆಟದ ಹಿಂದಿನ ಕಥೆ

ನಮ್ಮದು ಮಂಡ್ಯ ಸೀಮೆ. ಯುಗಾದಿ ಮಾರನೇ ದಿನ ವರ್ಷತೊಡಕು. ಮಧ್ಯಾಹ್ನ ಬಾಡೂಟ ಮುಗೀತು ಅಂದ್ರೆ ಅರಳಿಕಟ್ಟೆ, ಪಂಪ್‌ಸೆಟ್ ಮನೆ, ತೆಂಗಿನ ತೋಟ, ಎಲ್ಲಿ ನೋಡಿದರೂ ಟವೆಲ್ ಹಾಸಿ ಇಸ್ಪೀಟು ಆಡ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಅಂದರ್ ಬಾಹರ್‌ನಲ್ಲಿ ಆ ಸಲದ ಕಬ್ಬಿನ ದುಡ್ಡು ಪೂರ್ತಿ ಕಳಕೊಂಡು ಬಂದರು. ಅವ್ವ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿದ್ದ ಎಲೆಗಳನ್ನ ತೆಗೆದು ಒಲೆಗೆ ಹಾಕಿದರು, ಅಷ್ಟೇ.

ಆದರೂ ನಾವು ಮಕ್ಕಳು ಎಲೆ ಬಿಡಲಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಒಂದು ಹಳೇ ಕಟ್ಟು ಇತ್ತು. ಮೂರು ಎಲೆ ಕಳೆದುಹೋಗಿದ್ದವು. ಮದುವೆ ಪತ್ರಿಕೆ ಕತ್ತರಿಸಿ, ಪೆನ್ನಿನಲ್ಲಿ ನಂಬರ್ ಬರೆದು ಸರಿ ಮಾಡ್ಕೊಂಡಿದ್ವಿ. ಹುಲ್ಲಿನ ಮೆದೆ ಹಿಂದೆ ಕೂತು ನಾವು ಆಡ್ತಿದ್ದದ್ದು ಕತ್ತೆ ಆಟ. ದುಡ್ಡಿಲ್ಲ, ಪಂದ್ಯ ಇಲ್ಲ. ಸೋತವನನ್ನ ಸಂಜೆವರೆಗೂ 'ಕತ್ತೆ' ಅಂತ ಕರೆಯೋದು, ಅದೇ ಶಿಕ್ಷೆ.

ಮರೆತವರಿಗೋಸ್ಕರ ಆಟದ ಕ್ರಮ ಹೇಳ್ತೀನಿ. 52 ಎಲೆಗಳನ್ನೂ ಕಲಸಿ ಎಲ್ಲರಿಗೂ ಹಂಚಿಬಿಡಬೇಕು. ನಾಲ್ಕರಿಂದ ಆರು ಜನ ಇದ್ದರೆ ಚೆನ್ನ. ಇಸ್ಪೇಟ್ ಎಕ್ಕ ಯಾರ ಕೈಯಲ್ಲಿದೆಯೋ ಅವನು ಅದನ್ನ ಇಳಿಸಿ ಆಟ ಶುರು ಮಾಡ್ತಾನೆ. ಉಳಿದವರು ಅದೇ ಜಾತಿಯ ಎಲೆ ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಮುಗಿದವು, ಮಗುಚಿ ಪಕ್ಕಕ್ಕೆ. ದೊಡ್ಡ ಎಲೆ ಹಾಕಿದವನು ಮುಂದಿನ ಸುತ್ತು ಶುರು ಮಾಡ್ತಾನೆ. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಇಳೀತಾ ಹೋಗುತ್ತೆ.

ಮಜಾ ಇರೋದು ಕಟ್‌ನಲ್ಲಿ. ಇಳಿಸಿದ ಜಾತಿ ನಿನ್ನ ಹತ್ತಿರ ಇಲ್ಲದಿದ್ದರೆ ಬೇರೆ ಯಾವುದಾದರೂ ಎಲೆ ಹಾಕಿ ಕಟ್ ಹೊಡೀಬಹುದು. ತಕ್ಷಣ ಆ ಸುತ್ತು ನಿಲ್ಲುತ್ತೆ. ಇಳಿಸಿದ ಜಾತಿಯಲ್ಲಿ ಅಷ್ಟು ಹೊತ್ತಿಗೆ ಯಾರು ದೊಡ್ಡ ಎಲೆ ಹಾಕಿದ್ದಾನೋ ಅವನು ಕೆಳಗೆ ಬಿದ್ದಿರೋದನ್ನೆಲ್ಲ ಎತ್ತಿಕೊಳ್ಳಬೇಕು, ಮುಂದಿನ ಸುತ್ತೂ ಅವನೇ ಶುರು ಮಾಡಬೇಕು. ಮೊದಲನೇ ಸುತ್ತಿಗೆ ಮಾತ್ರ ನಮ್ಮ ಕಡೆ ಕಟ್ ಲೆಕ್ಕ ಇಲ್ಲ. ಕೈ ಖಾಲಿಯಾದವನು ಪಾರಾದ. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯುತ್ತೋ ಅವನು ಕತ್ತೆ.

ಇದರಲ್ಲಿ ಲೆಕ್ಕವೂ ಇದೆ. ಒಂದು ಜಾತಿಗೆ 13 ಎಲೆ. ನಾಲ್ಕು ಜನ ಆಡ್ತಿದ್ದರೆ, ಒಂದೇ ಜಾತಿ ಕಟ್ ಇಲ್ಲದೆ ಮೂರು ಸುತ್ತು ಹೋದ ಮೇಲೆ 12 ಎಲೆ ಮುಗಿದಿರುತ್ತೆ. ಉಳಿದ ಒಂದು ಎಲೆ ನಿನ್ನ ಹತ್ತಿರ ಇದ್ದು, ನೀನು ಅದನ್ನ ಇಳಿಸಿದರೆ ಪಕ್ಕದವನ ಕಟ್ ಗ್ಯಾರಂಟಿ, ಎತ್ತಿಕೊಳ್ಳೋನೂ ನೀನೇ. ಐದು ಜನ ಇದ್ದರೆ ಎರಡು ಸುತ್ತಿಗೆ ಹತ್ತು ಎಲೆ ಹೋಗುತ್ತೆ, ಉಳಿಯೋದು ಮೂರೇ. ಅಲ್ಲೂ ಮೂರನೇ ಸುತ್ತಿಗೆ ಕಟ್ ತಪ್ಪಲ್ಲ. ಹಾಗಾಗಿ ದೊಡ್ಡ ಎಲೆಗಳನ್ನ ಮೊದಲ ಸುತ್ತುಗಳಲ್ಲೇ ಕಳೀಬೇಕು, ಎರಡು ಮೂರು ನಂಬರಿನ ಸಣ್ಣ ಎಲೆ ಕೊನೆಗೆ ಇಟ್ಕೋಬೇಕು. ಎಕ್ಕ, ರಾಜ ಕೈಯಲ್ಲಿದೆ ಅಂತ ಬೀಗಿದವನೇ ಇಲ್ಲಿ ಹೊರೆ ಹೊರೋನು. ಐಟಿಐನಲ್ಲಿ ಲೋಡ್ ಲೆಕ್ಕ ಕಲಿಯೋಕೆ ಮುಂಚೆ ನಾನು ಲೆಕ್ಕ ಇಡೋದು ಕಲಿತದ್ದು ಇಲ್ಲೇ.

ಈ ಎಲೆಗಳು ಬಂದದ್ದು ಎಲ್ಲಿಂದ? ಕಾಗದದ ಎಲೆ ಆಟ ಹುಟ್ಟಿದ್ದು ಚೀನಾದಲ್ಲಿ ಅಂತಾರೆ. ಆದರೆ 52ರ ಕಟ್ಟಿಗೆ ನಾವು ಈಗ ದುಡೀತಿರೋ ಅರಬ್ ಸೀಮೆಯ ನಂಟೂ ಇದೆ. ಈಜಿಪ್ಟ್ ಆಳಿದ ಮಮ್ಲೂಕರ ಕಾಲದ ಒಂದು ಕಟ್ಟು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಅದರಲ್ಲೂ ನಾಲ್ಕು ಜಾತಿ, ಒಂದೊಂದಕ್ಕೆ 13 ಎಲೆ. ಜಾತಿಗಳು ಬಟ್ಟಲು, ನಾಣ್ಯ, ಕತ್ತಿ, ಪೋಲೋ ಕೋಲು. ರಾಣಿ ಇಲ್ಲ. ರಾಜನ ಕೆಳಗೆ ಇರೋನು ನಾಯಿಬ್. ಇಂಥ ಎಲೆಗಳು 1370ರ ದಶಕದ ಹೊತ್ತಿಗೆ ಯೂರೋಪಿಗೆ ಹೋದವು. ಸ್ಪೇನಿನವರು ಇವತ್ತಿಗೂ ಇಸ್ಪೀಟಿಗೆ 'ನೈಪೆಸ್' ಅನ್ನೋದು ಈ ನಾಯಿಬ್ ಅನ್ನೋ ಮಾತಿಂದಲೇ ಅಂತಾರೆ.

ನಮ್ಮ ದೇಶದಲ್ಲಿ ಇದ್ದದ್ದು ಗಂಜೀಫಾ. ಕೈಯಲ್ಲಿ ಬಣ್ಣ ಹಾಕಿದ, ಹೆಚ್ಚಾಗಿ ದುಂಡಗಿನ ಎಲೆಗಳು. 1527ರಲ್ಲಿ ಬಾಬರ್ ತನ್ನ ಸ್ನೇಹಿತನಿಗೆ ಸಿಂಧ್‌ಗೆ ಗಂಜೀಫಾ ಕಳಿಸಿದ್ದನ್ನ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ. ಮೊಗಲ್ ಗಂಜೀಫಾದಲ್ಲಿ ಎಂಟು ಜಾತಿ, 96 ಎಲೆ. ಅದರಲ್ಲಿ ಒಂದು ಜಾತಿಯ ಹೆಸರೇ ಗುಲಾಮ್. ನಮ್ಮವರು ಅದನ್ನ ದಶಾವತಾರಕ್ಕೆ ಒಗ್ಗಿಸಿ ಹತ್ತು ಜಾತಿ, 120 ಎಲೆ ಮಾಡಿಕೊಂಡರು. ಹಗಲು ಆಡಿದರೆ ರಾಮನ ಎಲೆಯಿಂದ ಶುರು, ರಾತ್ರಿ ಆಡಿದರೆ ಕೃಷ್ಣನಿಂದ. ಇಲ್ಲೂ ರಾಣಿ ಇಲ್ಲ. ರಾಜ, ಮಂತ್ರಿ ಇಬ್ಬರೇ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಪ್ರಾಣ. ಅವರ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ 'ಛದ' ಅನ್ನೋ ಹೆಸರಿನ 13 ಬಗೆಯ ಎಲೆ ಆಟಗಳ ವಿವರ ಇದೆ. 36 ಎಲೆಯ ಸಣ್ಣ ಆಟದಿಂದ 360 ಎಲೆಯ ದೊಡ್ಡ ಆಟದವರೆಗೂ ಇವೆ. ಬೆಂಗಳೂರಿನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿಗೆ ಹೋಗಿ ಮೈಸೂರು ಗಂಜೀಫಾ ಎಲೆಗಳನ್ನ ನೋಡಿದೆ. ಅಂಗೈಯಷ್ಟೂ ಇಲ್ಲದ ಎಲೆಯಲ್ಲಿ ದೇವರ ಕಣ್ಣಿನ ರೆಪ್ಪೆ ಕೂಡ ಬರೆದಿದ್ದಾರೆ. ಇಸ್ಪೀಟು ಅಂದರೆ ಕಬ್ಬಿನ ದುಡ್ಡು ನುಂಗೋದು ಅಂತ ತಿಳಿದಿದ್ದ ನನಗೆ ಅವತ್ತು ಬಾಯಿ ಕಟ್ಟಿಹೋಯಿತು.

ಕೈಯಲ್ಲಿ ಬರೆದ ಎಲೆ ಅಗ್ಗಕ್ಕೆ ಸಿಗಲ್ಲವಲ್ಲ. ಯೂರೋಪಿನಿಂದ ಅಚ್ಚಾದ ಕಾಗದದ ಕಟ್ಟು ಬಂದ ಮೇಲೆ ಗಂಜೀಫಾ ಮೂಲೆ ಸೇರಿತು. ಹೊಸ ಕಟ್ಟಿನ ಜೊತೆ ರಾಣಿ ಬಂದಳು, ಹೊಸ ಹೆಸರುಗಳೂ ಬಂದವು. ನಮ್ಮ ಊರಲ್ಲಿ ಆಟೀನ್, ಕಳಾವರ್ ಅಂತೀವಲ್ಲ, ಡಚ್ ಭಾಷೆಯಲ್ಲಿ ಅವೇ ಎಲೆಗಳಿಗೆ ಹಾರ್ಟನ್, ಕ್ಲಾವರನ್ ಅಂತಾರೆ. ಡಚ್ಚರು 1663ರಿಂದ 1795ರವರೆಗೆ ಕೊಚ್ಚಿಯಲ್ಲಿದ್ದರು. ಹಾಲೆಂಡ್ ಎಲ್ಲಿದೆ ಅಂತ ಗೊತ್ತಿಲ್ಲದ ನಮ್ಮ ತಾತ ಅವರ ಮಾತು ಆಡ್ತಿದ್ದರು!

ಈಗ ನಮ್ಮ ಕ್ಯಾಂಪಿನ ವಿಷಯ. ಹೋದ ವರ್ಷ ನಮ್ಮ ರೂಮಿನಲ್ಲಿ ಶುಕ್ರವಾರ ದುಡ್ಡಿನ ಆಟ ಶುರುವಾಗಿತ್ತು. ಈ ದೇಶದಲ್ಲಿ ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೂ ಆಡ್ತಿದ್ದರು. ಬಂದು ಐದು ತಿಂಗಳೂ ಆಗದ ಒಬ್ಬ ಹುಡುಗ ತಂಗಿ ಫೀಸಿಗೆ ಕಳಿಸಬೇಕಿದ್ದ ದುಡ್ಡು ಕಳಕೊಂಡ. ರಾತ್ರಿ ಮೇಲಿನ ಮಂಚದಲ್ಲಿ ಗೋಡೆ ಕಡೆ ತಿರುಗಿ ಅಳ್ತಿದ್ದ. ನನಗೆ ಅವ್ವನ ಒಲೆ ನೆನಪಾಯಿತು.

ಎಲೆಗಳನ್ನ ಸುಡೋಕೆ ನಾನು ಹೋಗಲಿಲ್ಲ. ಸುಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತೆ. ಮುಂದಿನ ಶುಕ್ರವಾರ ನಾನೇ ಕೂತು ಕತ್ತೆ ಆಟಕ್ಕೆ ಎಲೆ ಹಂಚಿದೆ. ಹೇಳಿಕೊಡಬೇಕು ಅಂದ್ಕೊಂಡಿದ್ದೆ. ಎರಡನೇ ಸುತ್ತಿಗೆ ಪಂಜಾಬಿ ಡ್ರೈವರ್ "ಅರೆ, ಇದು ಭಾಭಿ!" ಅಂದ. ಅವರ ಕಡೆ ಸೋತವನು ಭಾಭಿ, ಅಂದರೆ ಅತ್ತಿಗೆ. ತಮಿಳಿನ ಪ್ಲಂಬರ್ ಅಣ್ಣ ಅವರ ಊರಲ್ಲೂ ಇದು ಕಳುದೈ, ಅಂದರೆ ಕತ್ತೆಯೇ ಅಂದರು. ಕೇರಳದವನೂ ತಲೆ ಆಡಿಸಿದ. ರಷ್ಯಾದವರದ್ದೂ ಇಂಥದ್ದೇ ಒಂದು ಆಟ ಇದೆ, ಕೊನೆಗೆ ಉಳಿದವನು 'ದುರಾಕ್', ಅಂದರೆ ದಡ್ಡ. ಆಡೋ ಕ್ರಮ ಬೇರೆ, ಬೈಗುಳ ಮಾತ್ರ ನಮ್ಮದೇ.

ನಾನು ಗಮನಿಸಿದ್ದು ಇಷ್ಟು. ಈ ಆಟದಲ್ಲಿ ಗೆದ್ದವನು ಅಂತ ಯಾರೂ ಇಲ್ಲ. ಎಲ್ಲರೂ ಪಾರಾಗ್ತಾರೆ, ಒಬ್ಬ ಉಳೀತಾನೆ, ಮುಂದಿನ ಆಟದಲ್ಲಿ ಅವನೂ ಪಾರಾಗ್ತಾನೆ. ಅವನ ಜೇಬಿನಿಂದ ಏನೂ ಹೋಗಲ್ಲ. ದುಡ್ಡಿನ ಆಟ ಪೂರ್ತಿ ನಿಂತಿದೆ ಅಂತ ನಾನು ಸುಳ್ಳು ಹೇಳಲ್ಲ. ನಮ್ಮ ರೂಮಿನಲ್ಲಿ ನಿಂತಿದೆ. ಆ ಹುಡುಗ ಈಗ ಕಟ್ ಹೊಡೆಯೋದರಲ್ಲಿ ಎತ್ತಿದ ಕೈ.

ಹೋದ ರಜೆಯಲ್ಲಿ ಊರಿಗೆ ಹೋದಾಗ ಮಗನಿಗೆ ಈ ಆಟ ಕಲಿಸಿದೆ. ಎಂಟು ವರ್ಷ ಅವನಿಗೆ. ಅವ್ವ ಎಲೆ ಕಂಡು ಮೊದಲು ಮುಖ ಗಂಟಿಕ್ಕಿಕೊಂಡರು. ಆಮೇಲೆ ಹತ್ತಿರ ಬಂದು ಕೂತು, "ನಂಗೂ ಹಂಚು" ಅಂದರು. ಅವತ್ತು ಮೂರು ಆಟದಲ್ಲೂ ಕತ್ತೆ ಆದದ್ದು ನಾನೇ.