ಮನೆಮಾತು ಕನ್ನಡ, ನಗಿಸಿದ್ದು ತಮಿಳು: ನಟ ನಾಗೇಶರ ಕಥೆ



ಒಂದು ದೊಡ್ಡ ಹೋಟೆಲು. ಬಿಳಿಯ ಉಡುಪು ತೊಟ್ಟ ಕಡ್ಡಿಯಂಥ ಹುಡುಗನೊಬ್ಬ ಕಪ್ಪುಬಸಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಜುಗಳ ನಡುವೆ ಬರುತ್ತಿದ್ದಾನೆ. ಗೋಪುರ ಎಡಕ್ಕೆ ವಾಲಿದರೆ ಅವನೂ ಎಡಕ್ಕೆ ವಾಲುತ್ತಾನೆ, ಬಲಕ್ಕೆ ವಾಲಿದರೆ ಬಲಕ್ಕೆ. ಈಗ ಬಿತ್ತು, ಇನ್ನು ಬಿತ್ತು ಎಂದು ನೋಡುವವರ ಎದೆ ಹಾರುತ್ತದೆ. ಬಾಯಲ್ಲಿ ಮಾತ್ರ ನಗೆ. ನಮ್ಮಲ್ಲಿ ಕೆಲವರು ಇಂಥ ಹುಡುಗನನ್ನು ಸಪ್ಲೈಯರ್ ಎನ್ನುತ್ತೇವೆ, ಕಾಸರಗೋಡಿನ ಕಡೆಯವರು ಮಾಣಿ ಎನ್ನುತ್ತಾರೆ, ತಮಿಳುನಾಡಿನಲ್ಲಿ ಅವನು ಸರ್ವರ್. ಆ ಚಿತ್ರ 1964ರಲ್ಲಿ ತೆರೆಕಂಡ ‘ಸರ್ವರ್ ಸುಂದರಂ’. ಆ ಹುಡುಗ ನಾಗೇಶ್.

ಹೊಸೂರು, ತಾಳವಾಡಿ, ನೀಲಗಿರಿ ಕಡೆಯ ಕೇಳುಗರಿಗೆ ನಾಗೇಶರ ಪರಿಚಯ ಮಾಡಿಕೊಡಬೇಕಾಗಿಲ್ಲ. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ನೋಡಿದ ಹಿರಿಯರಿದ್ದಾರೆ, ದೂರದರ್ಶನದಲ್ಲಿ ಹಳೆಯ ಹಾಸ್ಯದ ತುಣುಕುಗಳನ್ನು ನೋಡಿ ನಕ್ಕ ಮಕ್ಕಳಿದ್ದಾರೆ. ಆದರೆ ಈ ನಾಗೇಶರ ಮನೆಮಾತು ಕನ್ನಡ ಎಂಬುದು ಎಷ್ಟು ಮಂದಿಗೆ ಗೊತ್ತು? ಅವರನ್ನು ಕನ್ನಡದವರೆಂದು ಕಸಿದುಕೊಳ್ಳಲು ನಾನು ಈ ಮಾತು ಎತ್ತುತ್ತಿಲ್ಲ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಅವರ ಬಾಳಿನಲ್ಲಿ ಕಲಿಯುವಂಥದ್ದೇನೋ ಇದೆ ಎಂದು ಎತ್ತುತ್ತಿದ್ದೇನೆ.

ನಾಗೇಶರು ಹುಟ್ಟಿದ್ದು 1933ರ ಸೆಪ್ಟೆಂಬರ್ 27ರಂದು, ಧಾರಾಪುರದಲ್ಲಿ. ಈಗ ಅದು ತಿರುಪ್ಪೂರು ಜಿಲ್ಲೆಗೆ ಸೇರಿದ ಊರು. ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಹರವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಇಂದಿನ ತಾಳವಾಡಿ ಅದರಲ್ಲಿತ್ತು, ಕೊಳ್ಳೇಗಾಲವೂ ಅದರಲ್ಲೇ ಇತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಅಲ್ಲೇ ಉಳಿಯಿತು. ನೇಯುವ ದೇವಾಂಗದವರು, ಬೇಸಾಯದ ಒಕ್ಕಲುಗಳು, ಪೂಜೆ–ಪೌರೋಹಿತ್ಯದ ಮನೆಗಳು, ಹೀಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ಆ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದವು. ನಾಗೇಶರದು ಅಂಥ ಒಂದು ಮಾಧ್ವ ಬ್ರಾಹ್ಮಣ ಮನೆ. ತಂದೆ ಕೃಷ್ಣರಾಯರು, ತಾಯಿ ರುಕ್ಮಿಣಿಯಮ್ಮ. ತಂದೆಯ ರೈಲ್ವೆ ನೌಕರಿ ಅರಸೀಕೆರೆಯಲ್ಲಿ. ಮಗ ಬೆಳೆದದ್ದು ತಮಿಳು ಸೀಮೆಯಲ್ಲಿ.

ಹುಡುಗನಿಗೆ ಸಿಡುಬು ಬಂತು. ಜೀವ ಉಳಿಯಿತು, ಮುಖದ ತುಂಬ ಕಲೆ ಉಳಿಯಿತು. ಸಿಡುಬಿನ ಕಲೆ ಹೊತ್ತ ಮುಖ ಹಿಂದಿನ ಕಾಲದಲ್ಲಿ ಪ್ರತಿ ಊರಿನಲ್ಲೂ ಕಾಣುತ್ತಿತ್ತು. ಸಿನಿಮಾದ ತೆರೆಯ ಮೇಲೆ ಮಾತ್ರ ಕಾಣುತ್ತಿರಲಿಲ್ಲ. ಆ ತೆರೆಗೆ ದುಂಡು ಮುಖ, ತುಂಬಿದ ಮೈ, ಗಂಭೀರ ಕಂಠ ಬೇಕಾಗಿತ್ತು. ಈ ಯುವಕನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಮನೆ ಬಿಟ್ಟು ಮದರಾಸು ಸೇರಿದ ಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ರೈಲ್ವೆಯ ಗುಮಾಸ್ತಗಿರಿ. ಸಂಜೆಯ ಹೊತ್ತು ಹವ್ಯಾಸಿ ನಾಟಕ.

ಅಲ್ಲಿಂದ ಅವರ ಅದೃಷ್ಟ ಬದಲಾದ ಸಂಗತಿಯನ್ನು ಮದರಾಸಿನ ರಂಗಭೂಮಿಯವರು ಇಂದಿಗೂ ಹೇಳುತ್ತಾರೆ. ಒಂದು ನಾಟಕದಲ್ಲಿ ನಾಗೇಶರಿಗೆ ಸಿಕ್ಕಿದ್ದು ಹೊಟ್ಟೆನೋವಿನ ರೋಗಿಯ ಪುಟ್ಟ ಪಾತ್ರ. ಬರಬೇಕು, ನರಳಬೇಕು, ಹೋಗಬೇಕು, ಅಷ್ಟೇ. ಆ ನರಳಾಟವನ್ನೇ ಅವರು ಹಿಗ್ಗಿಸಿ, ತಿರುಚಿ, ಮೈಯೆಲ್ಲ ಬಳುಕಿಸಿ ಆಡಿದರಂತೆ. ಸಭೆಗೆ ಅಧ್ಯಕ್ಷರಾಗಿ ಬಂದಿದ್ದವರು ಎಂ. ಜಿ. ರಾಮಚಂದ್ರನ್. ಮುಖ್ಯ ಪಾತ್ರದವರನ್ನು ಬಿಟ್ಟು ಆ ರೋಗಿಯನ್ನು ಹೊಗಳಿ ಬಹುಮಾನ ಕೊಟ್ಟರಂತೆ. 1959ರಲ್ಲಿ ‘ತಾಮರೈಕುಳಂ’ ಚಿತ್ರದಿಂದ ಸಿನಿಮಾ ಪ್ರವೇಶವಾಯಿತು.

ಆಗಿನ ತಮಿಳು ಚಿತ್ರಗಳಲ್ಲಿ ಹಾಸ್ಯಕ್ಕೆ ಏನು ಸ್ಥಾನವಿತ್ತು? ಹಿಂದಿನ ತಲೆಮಾರಿನಲ್ಲಿ ಎನ್. ಎಸ್. ಕೃಷ್ಣನ್, ಟಿ. ಎ. ಮಧುರಂ ದಂಪತಿಗಳು ತಮ್ಮ ಹಾಸ್ಯದ ಭಾಗವನ್ನು ತಾವೇ ಸಿದ್ಧಮಾಡಿ ಚಿತ್ರಕ್ಕೆ ಸೇರಿಸುತ್ತಿದ್ದರು. ಅದು ಊಟದ ಎಲೆಯ ತುದಿಯ ಉಪ್ಪಿನಕಾಯಿಯಂತೆ: ರುಚಿಯಾದದ್ದೇ, ಆದರೆ ಅನ್ನದ ಜೊತೆ ಕಲಸಿದ್ದಲ್ಲ. ಹಾಸ್ಯಗಾರ ಬಂದು ನಗಿಸಿ ಹೋಗುತ್ತಿದ್ದ, ಕಥೆ ತನ್ನ ಪಾಡಿಗೆ ನಡೆಯುತ್ತಿತ್ತು. ನಾಗೇಶರ ಕಾಲಕ್ಕೆ ಹಾಸ್ಯ ಕಥೆಯ ಒಳಕ್ಕೆ ಬಂತು. ಆ ಬದಲಾವಣೆಗೆ ಕಾರಣರಾದವರಲ್ಲಿ ಇನ್ನೊಬ್ಬ ಗುಮಾಸ್ತರಿದ್ದರು. ಮದರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ ಮಾಡುತ್ತ ನಾಟಕ ಬರೆದು ಆಡಿಸುತ್ತಿದ್ದ ಕೆ. ಬಾಲಚಂದರ್. ಕನ್ನಡದಲ್ಲಿ ‘ಬೆಂಕಿಯಲ್ಲಿ ಅರಳಿದ ಹೂವು’, ‘ಎರಡು ರೇಖೆಗಳು’ ಚಿತ್ರಗಳನ್ನು ಮಾಡಿದ ಬಾಲಚಂದರ್ ಇವರೇ.

‘ಸರ್ವರ್ ಸುಂದರಂ’ ಮೊದಲು ಬಾಲಚಂದರರ ನಾಟಕ. ಅದನ್ನು ಎ.ವಿ.ಎಂ. ಸಂಸ್ಥೆಗಾಗಿ ಕೃಷ್ಣನ್–ಪಂಜು ಜೋಡಿ ನಿರ್ದೇಶಿಸಿತು. ಹೋಟೆಲಿನ ಹುಡುಗ ಸುಂದರಂ ಒಬ್ಬಳನ್ನು ಮನಸ್ಸಿನಲ್ಲೇ ಪ್ರೀತಿಸುತ್ತಾನೆ. ಗೆಳೆಯನ ನೆರವಿನಿಂದ ಸಿನಿಮಾ ನಟನಾಗಿ ಹೆಸರು, ಹಣ ಗಳಿಸುತ್ತಾನೆ. ಅಷ್ಟರಲ್ಲಿ ಆ ಹುಡುಗಿ ಆ ಗೆಳೆಯನನ್ನೇ ಒಲಿದಿದ್ದಾಳೆಂದು ತಿಳಿಯುತ್ತದೆ. ತಾಯಿಯನ್ನೂ ಕಳೆದುಕೊಳ್ಳುತ್ತಾನೆ. ಕೊನೆಯಲ್ಲಿ ಮತ್ತೆ ಸರ್ವರ್ ಉಡುಪು ತೊಟ್ಟುಕೊಳ್ಳುತ್ತಾನೆ. ನಗುತ್ತ ಒಳಗೆ ಹೋದ ಪ್ರೇಕ್ಷಕ ಕಣ್ಣೊರೆಸಿಕೊಂಡು ಹೊರಗೆ ಬಂದ. ಚೆಲುವನಲ್ಲದವನೂ ಕಥೆಯ ನಾಯಕನಾಗಬಹುದೆಂದು ಚಿತ್ರರಂಗಕ್ಕೆ ಅಂದು ಮನವರಿಕೆಯಾಯಿತು.

ಅದೇ 1964ರಲ್ಲಿ ಶ್ರೀಧರ್ ನಿರ್ದೇಶನದ ‘ಕಾದಲಿಕ್ಕ ನೇರಮಿಲ್ಲೈ’ ಬಂತು. ಅದರಲ್ಲಿ ನಾಗೇಶ್ ಸಿನಿಮಾ ತೆಗೆಯುವ ಹುಚ್ಚು ಹಿಡಿದ ಚೆಲ್ಲಪ್ಪ. ಕೈಯಲ್ಲಿ ಕಾಸಿಲ್ಲ, ಕಂಪನಿಗೆ ಮಾತ್ರ ‘ಓಹೋ ಪ್ರೊಡಕ್ಷನ್ಸ್’ ಎಂದು ಭರ್ಜರಿ ಹೆಸರು. ತಂದೆಯನ್ನು ಕೂರಿಸಿಕೊಂಡು ಭಯಂಕರ ಕಥೆಯೊಂದನ್ನು ಹೇಳುವ ದೃಶ್ಯವನ್ನು ಮರೆತವರಿಲ್ಲ. ಗಾಳಿಯ ಸದ್ದು, ಬಾಗಿಲಿನ ಕಿರ್ ಸದ್ದು, ಹೆಜ್ಜೆಯ ಸದ್ದು, ಎಲ್ಲವೂ ಅವರ ಬಾಯಲ್ಲೇ. ಹೆದರಿ ಬೆವರುವ ತಂದೆಯಾಗಿ ಟಿ. ಎಸ್. ಬಾಲಯ್ಯ. ಒಬ್ಬ ಹೇಳುವವ, ಒಬ್ಬ ಕೇಳುವವ. ಹಾಸ್ಯಕ್ಕೆ ಹೇಳುವವನಷ್ಟೇ ಕೇಳುವವನೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಡ.

ಈ ಚಿತ್ರ ಭಾಷೆಯ ಗಡಿಗಳನ್ನು ದಾಟಿದ ಬಗೆ ಸ್ವಾರಸ್ಯಕರ. ತೆಲುಗಿನಲ್ಲಿ 1965ರಲ್ಲಿ ‘ಪ್ರೇಮಿಂಚಿ ಚೂಡು’ ಆಯಿತು. ಹಿಂದಿಯಲ್ಲಿ 1966ರ ‘ಪ್ಯಾರ್ ಕಿಯೇ ಜಾ’. ನಾಗೇಶರ ಜಾಗದಲ್ಲಿ ಮೆಹಮೂದ್, ತಂದೆಯಾಗಿ ಓಂ ಪ್ರಕಾಶ್. ಕನ್ನಡಕ್ಕೆ ಬಂದದ್ದು 1979ರಲ್ಲಿ, ‘ಪ್ರೀತಿ ಮಾಡು ತಮಾಷೆ ನೋಡು’ ಎಂಬ ಹೆಸರಿನಲ್ಲಿ, ದ್ವಾರಕೀಶ್, ಶ್ರೀನಾಥ್, ಶಂಕರ್‌ನಾಗ್ ಇದ್ದ ಚಿತ್ರ. ‘ಸರ್ವರ್ ಸುಂದರಂ’ ಕೂಡ 1971ರಲ್ಲಿ ಮೆಹಮೂದರ ‘ಮೈ ಸುಂದರ್ ಹೂಂ’ ಆಯಿತು. ರಾಯದುರ್ಗದವರೋ ಸೊಲ್ಲಾಪುರದವರೋ ನಾಗೇಶರನ್ನು ನೇರವಾಗಿ ನೋಡಿರದಿದ್ದರೂ ಅವರು ಮೊದಲು ಆಡಿ ತೋರಿಸಿದ ಪಾತ್ರಗಳನ್ನು ಬೇರೆ ಬೇರೆ ಮುಖಗಳಲ್ಲಿ ನೋಡಿ ನಕ್ಕಿದ್ದಾರೆ.

ಇನ್ನು ಭಾಷೆಯ ವಿಷಯಕ್ಕೆ ಬರೋಣ. 1965ರ ‘ತಿರುವಿಳೈಯಾಡಲ್’ ಪೌರಾಣಿಕ ಚಿತ್ರ, ಎ. ಪಿ. ನಾಗರಾಜನ್ ನಿರ್ದೇಶನ. ಪಾಂಡ್ಯ ರಾಜ ತನ್ನ ಸಂಶಯವನ್ನು ನಿವಾರಿಸುವ ಕವಿತೆಗೆ ಸಾವಿರ ಹೊನ್ನಿನ ಬಹುಮಾನ ಸಾರುತ್ತಾನೆ. ಬಡ ಕವಿ ಧರುಮಿಗೆ ಹಣ ಬೇಕು, ಕವಿತೆ ಹೊಳೆಯದು. ದೇವಸ್ಥಾನದಲ್ಲಿ ತನ್ನಷ್ಟಕ್ಕೇ ಗೊಣಗುತ್ತ, ದೇವರಿಗೇ ದೂರು ಹೇಳುತ್ತ ಒದ್ದಾಡುತ್ತಾನೆ. ಶಿವನೇ ಎದುರು ಬಂದು ಕವಿತೆ ಕೊಡುತ್ತಾನೆ. ಆಸ್ಥಾನದಲ್ಲಿ ನಕ್ಕೀರನೆಂಬ ಪಂಡಿತ ಅದರಲ್ಲಿ ದೋಷ ಹಿಡಿಯುತ್ತಾನೆ. ಶಿವನ ಪಾತ್ರ ಶಿವಾಜಿ ಗಣೇಶನ್ ಅವರದು. ಅಂಥ ಮಹಾನಟನ ಎದುರು ನಿಂತು ಧರುಮಿಯಾದ ನಾಗೇಶ್ ಇಡೀ ದೃಶ್ಯವನ್ನು ತಮ್ಮ ಕಡೆಗೆ ಎಳೆದುಕೊಂಡುಬಿಟ್ಟರು. ಒಂದು ಕಾಲನ್ನು ಮುಂದಿಟ್ಟು ಎರಡನ್ನು ಹಿಂದಿಡುವ ನಡಿಗೆ, ಕಾಸಿನ ಆಸೆ, ಮಾನದ ಭಯ, ಎಲ್ಲ ಒಟ್ಟೊಟ್ಟಿಗೆ. ಆ ದೃಶ್ಯವನ್ನು ಕತ್ತರಿಸಬೇಡಿ ಎಂದು ಶಿವಾಜಿಯವರೇ ಹೇಳಿದರೆಂದು ಚಿತ್ರರಂಗದಲ್ಲಿ ಹೇಳುವುದುಂಟು. 1968ರ ‘ತಿಲ್ಲಾನಾ ಮೋಹನಾಂಬಾಳ್’ನಲ್ಲಿ ಅವರದು ಬೇರೆಯೇ ಮುಖ. ಸವಡಾಲ್ ವೈತ್ತಿ ಎಂಬ ದಲ್ಲಾಳಿ. ನಗಿಸುತ್ತಲೇ ಮನೆ ಮುರಿಯುವವನು; ಸಿಹಿ ಮಾತು, ಕಹಿ ಕೆಲಸ.

ಈ ಪಾತ್ರಗಳ ಜೀವ ತಮಿಳಿನ ಮಾತಿನ ಧಾಟಿಯಲ್ಲಿದೆ. ಹೋಟೆಲಿನವನ ತಮಿಳು ಬೇರೆ, ಆಸ್ಥಾನ ಕವಿಯ ತಮಿಳು ಬೇರೆ, ತಂಜಾವೂರು ಸೀಮೆಯ ದಲ್ಲಾಳಿಯ ತಮಿಳು ಬೇರೆ. ಈ ಎಲ್ಲವನ್ನೂ ಅಷ್ಟು ವೇಗದಲ್ಲಿ, ಅಷ್ಟು ಖಚಿತವಾಗಿ ಆಡಿದವರು ಮನೆಯಲ್ಲಿ ತಾಯಿಯೊಡನೆ ಕನ್ನಡ ಆಡುತ್ತ ಬೆಳೆದವರು. ಅದೇ ಕಾಲದಲ್ಲಿ ‘ಎಂಗ ವೀಟ್ಟು ಪಿಳ್ಳೈ’, ‘ಅನ್ಬೇ ವಾ’ ಚಿತ್ರಗಳಲ್ಲಿ ಅವರೊಡನೆ ನಟಿಸಿದ ಬೆಂಗಳೂರಿನ ಬಿ. ಸರೋಜಾದೇವಿಯವರನ್ನು ನೆನೆಯಿರಿ. ಅವರ ತಮಿಳಿನಲ್ಲಿ ಕನ್ನಡದ ಇಂಪು ಬೆರೆತಿತ್ತು. ಜನ ಅದನ್ನೇ ಮೆಚ್ಚಿ, ಅನುಕರಿಸಿ ಸಂತೋಷಪಟ್ಟರು. ನಾಗೇಶರ ತಮಿಳಿನಲ್ಲಿ ಮನೆಮಾತಿನ ಸುಳಿವೂ ಸಿಗುತ್ತಿರಲಿಲ್ಲ. ಒಂದೇ ತೆರೆಯ ಮೇಲೆ ಇಬ್ಬರು ಕನ್ನಡ ಮನೆಗಳವರು. ತಮಿಳು ಜನ ಇಬ್ಬರನ್ನೂ ತಮ್ಮವರೆಂದರು. ಒಂದು ಭಾಷೆಯ ದೊಡ್ಡತನ ಹೊರಗಿನಿಂದ ಬಂದವರನ್ನು ಎದೆಗೆ ಹಚ್ಚಿಕೊಳ್ಳುವುದರಲ್ಲಿಯೂ ಇದೆ.

ಬಾಲಚಂದರ್ ನಾಗೇಶರಿಗಾಗಿ ಕೊಟ್ಟ ಪಾತ್ರಗಳಲ್ಲಿ ಹಸಿವು, ಅನಾಥತನ, ಸಾವು ಮತ್ತೆ ಮತ್ತೆ ಬರುತ್ತವೆ. ಬಾಲಚಂದರ್ ನಿರ್ದೇಶಿಸಿದ ಮೊದಲ ಚಿತ್ರ, 1965ರ ‘ನೀರ್ಕುಮಿಳಿ’ಯಲ್ಲಿ ನಾಗೇಶ್ ಆಸ್ಪತ್ರೆಯಲ್ಲಿ ಎಲ್ಲರನ್ನೂ ನಗಿಸುವ, ಸಾವಿನ ಅಂಚಿನಲ್ಲಿರುವ ರೋಗಿ. 1968ರ ‘ಎದಿರ್ ನೀಚ್ಚಲ್’ನಲ್ಲಿ ಮಾಡಿಯ ಮೆಟ್ಟಿಲ ಕೆಳಗೆ ಮಲಗಿ, ವಠಾರದವರ ಚಾಕರಿ ಮಾಡಿ, ಅವರು ಕೊಟ್ಟದ್ದನ್ನು ಉಂಡು ಓದುವ ಅನಾಥ ಮಾದು. ವಾರಾನ್ನ ಉಂಡು ಓದಿದ ಹಿರಿಯರಿರುವ ನಮ್ಮ ಮನೆಗಳಿಗೆ ಮಾದು ಹೊರಗಿನವನಲ್ಲ. 1975ರ ‘ಅಪೂರ್ವ ರಾಗಂಗಳ್’ನಲ್ಲಿ ಗೋಡೆಯ ಮೇಲಿನ ತನ್ನದೇ ನೆರಳಿನೊಡನೆ ಕುಡಿದು ಮಾತಾಡುವ ವೈದ್ಯ. ಬೆಂಗಳೂರಿನಿಂದ ಹೋದ ಶಿವಾಜಿರಾವ್ ಗಾಯಕವಾಡ್ ರಜನೀಕಾಂತ್ ಎಂಬ ಹೆಸರಿನಲ್ಲಿ ಮೊದಲು ತೆರೆಯ ಮೇಲೆ ಬಂದದ್ದೂ ಅದೇ ಚಿತ್ರದಲ್ಲಿ.

ಎಪ್ಪತ್ತರ ದಶಕ ಕಳೆಯುವಾಗ ನಾಗೇಶರಿಗೆ ಬೇಡಿಕೆ ಇಳಿಯಿತು. ಹೊಸ ಹಾಸ್ಯಗಾರರು ಬಂದರು. ಮತ್ತೆ ಅವರಿಗೆ ದೊಡ್ಡ ಪಾತ್ರ ಕೊಟ್ಟವರು ಕಮಲ್ ಹಾಸನ್. 1989ರ ‘ಅಪೂರ್ವ ಸಹೋದರರ್ಗಳ್’ನಲ್ಲಿ, ‘ಹಾಲು ಜೇನು’ ಖ್ಯಾತಿಯ ಸಿಂಗೀತಂ ಶ್ರೀನಿವಾಸರಾಯರ ನಿರ್ದೇಶನದಲ್ಲಿ, ನಾಗೇಶ್ ಕೊಲೆಗಡುಕ ಧರ್ಮರಾಜ. ತಲೆಮಾರು ನಗಿಸಿದ ಮುಖ ಹೆದರಿಸಲೂ ಬಲ್ಲದೆಂದು ಜನ ಕಂಡರು. 1994ರ ‘ಮಗಳಿರ್ ಮಟ್ಟುಂ’ನಲ್ಲಿ ಅವರದು ಹೆಣದ ಪಾತ್ರ. ಮಾತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಮಾತಿನ ಮಲ್ಲನೆನಿಸಿದವರು ಮಾತೇ ಇಲ್ಲದೆ, ಎತ್ತಿದ ಕಡೆ ಎದ್ದು ವಾಲಿದ ಕಡೆ ವಾಲಿ ಚಿತ್ರಮಂದಿರವನ್ನು ನಗೆಯಲ್ಲಿ ಮುಳುಗಿಸಿದರು. ಸರ್ವರ್ ಸುಂದರಂ ಹೊತ್ತ ಕಪ್ಪುಬಸಿಗಳ ಗೋಪುರವೇ ಮೂವತ್ತು ವರ್ಷಗಳ ಬಳಿಕ ಮನುಷ್ಯನಾಗಿ ಬಂದಂತಿತ್ತು.

ಅದೇ ವರ್ಷ ‘ನಮ್ಮವರ್’ ಬಂತು. ಮಗಳನ್ನು ಕಳೆದುಕೊಂಡ ಕಾಲೇಜು ಅಧ್ಯಾಪಕನಾಗಿ ನಾಗೇಶ್ ಅತ್ತರು. ಅದಕ್ಕೆ ಶ್ರೇಷ್ಠ ಪೋಷಕ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು. ‘ದ್ರೋಹ್‌ಕಾಲ್’ ಚಿತ್ರದ ಆಶೀಶ್ ವಿದ್ಯಾರ್ಥಿಯವರೊಡನೆ ಹಂಚಿಕೊಂಡ ಪ್ರಶಸ್ತಿ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೂವತ್ತೈದು ವರ್ಷ ನಗಿಸಿದ್ದಕ್ಕೆ ಬಾರದ ಮನ್ನಣೆ ಒಮ್ಮೆ ಅತ್ತದ್ದಕ್ಕೆ ಬಂತು. ಪದ್ಮ ಪ್ರಶಸ್ತಿಯಂತೂ ಕೊನೆಗೂ ಬರಲಿಲ್ಲ. ಅಳಿಸುವುದು ಕಲೆ, ನಗಿಸುವುದು ತಮಾಷೆ ಎಂಬ ಹಳೆಯ ಲೆಕ್ಕ ಇದು. ಈ ಲೆಕ್ಕ ತಮಿಳಿನದೊಂದೇ ಅಲ್ಲ. ನಮ್ಮ ನರಸಿಂಹರಾಜು, ಬಾಲಕೃಷ್ಣ ಅವರನ್ನು ನೆನೆದಾಗ ಕನ್ನಡಿಗರೂ ತಲೆತಗ್ಗಿಸಬೇಕಾಗುತ್ತದೆ.

2008ರ ‘ದಶಾವತಾರಂ’ ತೆರೆಕಂಡ ಮರುವರ್ಷ, 2009ರ ಜನವರಿ 31ರಂದು, ಚೆನ್ನೈನಲ್ಲಿ ನಾಗೇಶ್ ತೀರಿಕೊಂಡರು. ಆಗ ಅವರಿಗೆ 75 ವರ್ಷ.

ಬಂಧುಗಳೇ, ಗಡಿಯೂರಿನ ಶಾಲೆಯಲ್ಲಿ ನಮ್ಮ ಮಕ್ಕಳು ಮನೆಯ ಮಾತೊಂದು, ಪಾಠದ ಮಾತೊಂದು ಎಂದು ತಡವರಿಸುವುದನ್ನು ನೋಡುತ್ತೇವೆ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆಂದು ಹೆದರಿಸುವವರೂ ಉಂಟು. ಕನ್ನಡವೇ ನಾಗೇಶರನ್ನು ದೊಡ್ಡ ನಟರನ್ನಾಗಿ ಮಾಡಿತೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅವರಿಗೆ ಅನ್ನ, ಹೆಸರು, ಪ್ರೀತಿ ಕೊಟ್ಟ ತಮಿಳಿಗೆ ಅನ್ಯಾಯ. ಆದರೆ ಎರಡು ಮಾತುಗಳ ಮನೆಯಲ್ಲಿ ಬೆಳೆದ ಮಗು ಆಡುವ ಮೊದಲು ಕೇಳುವುದನ್ನು ಕಲಿಯುತ್ತದೆ. ಯಾರು ಎಲ್ಲಿ ಹೇಗೆ ಮಾತಾಡುತ್ತಾರೆಂದು ಅದರ ಕಿವಿ ಸದಾ ಎಚ್ಚರವಾಗಿರುತ್ತದೆ. ಆ ಕಿವಿ ಒಂದು ಸಂಪತ್ತು. ಸಿಡುಬಿನ ಕಲೆಯ ಮುಖವನ್ನೂ ಕಡ್ಡಿಯಂಥ ಮೈಯನ್ನೂ ಬಂಡವಾಳ ಮಾಡಿಕೊಂಡ ನಾಗೇಶರು ಈ ಸಂಪತ್ತನ್ನೂ ಪೋಲು ಮಾಡಿದವರಲ್ಲ.

ಮುಂದಿನ ಬಾರಿ ಮನೆಯ ಟಿವಿಯಲ್ಲಿ ಧರುಮಿ ಗೊಣಗುತ್ತ ಬಂದಾಗ ಮಕ್ಕಳೊಡನೆ ಕೂತು ತಮಿಳಿನಲ್ಲೇ ನಗಿರಿ. ನಕ್ಕಾದ ಮೇಲೆ ಹೇಳಿ: ಇವರ ಮನೆಯಲ್ಲೂ ನಮ್ಮ ಹಾಗೆ ಕನ್ನಡ ಆಡುತ್ತಿದ್ದರು.