ಮೃತ್ಯುಪತ್ರಕ್ಕೆ ಒಳಪಡದ ನೆಲ

ಜೊಯಿಡಾ ತಾಲ್ಲೂಕಿನ ಗುಂದದ ಕಡೆಯ ವಿಧವೆಯೊಬ್ಬರು ಗಂಡ ಬರೆದಿಟ್ಟ ಮೃತ್ಯುಪತ್ರ ಹಿಡಿದು ನನ್ನಲ್ಲಿಗೆ ಬಂದಿದ್ದರು. ನೋಂದಣಿಯಾಗಿತ್ತು, ಇಬ್ಬರು ಸಾಕ್ಷಿಗಳ ಸಹಿಯಿತ್ತು. ಮೂರು ತುಂಡು ಜಮೀನನ್ನೂ ಆತ ಹೆಂಡತಿಗೇ ಬರೆದಿದ್ದರು: ಒಂದು ಮಾಲ್ಕಿ ಗದ್ದೆ, ಒಂದು ಅಪ್ಪನ ಕಾಲಕ್ಕೆ ಗೇಣಿಯಿಂದ ಬಿಡಿಸಿಕೊಂಡದ್ದು, ಇನ್ನೊಂದು ಕಾಡಂಚಿನ ಅತಿಕ್ರಮಣ. ಆ ಕಾಗದ ಪೂರ್ತಿಯಾಗಿ ನಿಂತದ್ದು ಮೊದಲನೆಯದರ ಮೇಲೆ ಮಾತ್ರ. ‘ಮೃತ್ಯುಪತ್ರ ನೋಂದಾಯಿಸಿ, ನಿಶ್ಚಿಂತೆಯಿಂದಿರಿ’ ಎಂಬ ಉಪದೇಶ ಈಗ ಎಲ್ಲ ಕಡೆ ಕೇಳುತ್ತಿದೆ. ಕೇಳಿದಾಗಲೆಲ್ಲ ಅವರ ಮುಖ ಕಣ್ಣೆದುರು ಬರುತ್ತದೆ. ಬೆಂಗಳೂರಿನ ಸೈಟಿಗೆ ಆ ಮಾತು ಸಾಕಾದೀತು, ಜೊಯಿಡಾದ ನೆಲಕ್ಕೆ ಸಾಲದು.

ಹಳೆಯ ಕಥೆ ಚುಟುಕಾಗಿ ಇಷ್ಟು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು. ಹಾಗಾಗಿ ಕೂಡುಕುಟುಂಬದಲ್ಲಿ ಬರೆದುಕೊಡಲು ಯಜಮಾನನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಗುರುತು ನಮ್ಮ ಕಾಗದಪತ್ರದ ಮಾತಿನಲ್ಲಿ ಇಂದಿಗೂ ಇದೆ: ಮೈಸೂರಿನವರು ಉಯಿಲು ಎನ್ನುವುದನ್ನು ನಾವು ಮೃತ್ಯುಪತ್ರ ಎನ್ನುತ್ತೇವೆ, ವಿಭಾಗಕ್ಕೆ ವಾಟ್ನಿ, ದಾನಕ್ಕೆ ಬಕ್ಷೀಸು. 1925ರ ಉತ್ತರಾಧಿಕಾರ ಕಾಯ್ದೆ ಇಬ್ಬರು ಸಾಕ್ಷಿಗಳ ನಿಯಮವನ್ನು ಗಟ್ಟಿ ಮಾಡಿತು. ಅವಿಭಕ್ತ ಆಸ್ತಿಯ ತನ್ನ ಪಾಲನ್ನು ಮೃತ್ಯುಪತ್ರದಲ್ಲಿ ಕೊಡುವ ಹಕ್ಕು ಹಿಂದೂಗಳಿಗೆ ಬಂದದ್ದು 1956ರಲ್ಲಿ. ನೋಂದಣಿಯ ಮೇಲೆ ಅತಿ ನಂಬಿಕೆ ಇಟ್ಟವರು ಮೈಸೂರಿನಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣವನ್ನು ಓದಬೇಕು. ಮೃತ್ಯುಪತ್ರದ ಸುತ್ತ ಸಂಶಯವಿದ್ದರೆ ಅದನ್ನು ನಿವಾರಿಸುವ ಹೊಣೆ ಅದನ್ನು ಮುಂದಿಟ್ಟವರದೇ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿತ್ತು. ನೋಂದಣಿಯಾಗಿದ್ದರೂ ವ್ಯಾಜ್ಯ ಬಂದರೆ ಸಾಕ್ಷಿಯೊಬ್ಬನಾದರೂ ನ್ಯಾಯಾಲಯಕ್ಕೆ ಬರಬೇಕು. ನಮ್ಮಲ್ಲಿ ಊರ ಹಿರಿಯರನ್ನೇ ಸಾಕ್ಷಿ ಹಾಕಿಸುತ್ತಾರೆ, ಬರೆದವರಿಗಿಂತ ಮೊದಲೇ ಅವರು ಹೋಗಿಬಿಟ್ಟಿರುತ್ತಾರೆ.

ನನ್ನ ತಲೆಮಾರು ಕಸುಬು ಕಲಿತದ್ದು ಭೂಸುಧಾರಣೆಯ ಕಾಗದಗಳಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು, ಉಳುವವರು ಹಕ್ಕು ಕೋರಿ ಫಾರಂ 7 ಅರ್ಜಿ ಕೊಟ್ಟರು. ಉತ್ತವರು ಮನೆಮಂದಿಯೆಲ್ಲ, ಅರ್ಜಿ ಮಾತ್ರ ಹಿರಿಯಣ್ಣನ ಹೆಸರಲ್ಲಿ. ಐದು ದಶಕ ಕಳೆದರೂ ಎಷ್ಟೋ ಪಹಣಿಗಳಲ್ಲಿ ಆ ಅಣ್ಣನ ಹೆಸರೇ ಕೂತಿದೆ. ಕುಟುಂಬ ಒಟ್ಟಾಗಿ ಗೇಣಿ ಮಾಡಿದ್ದರೆ ಆ ಹಕ್ಕು ಕುಟುಂಬದ್ದೇ. ಅಣ್ಣ ತನ್ನ ಪಾಲಿಗಷ್ಟೇ ಮೃತ್ಯುಪತ್ರ ಬರೆಯಬಲ್ಲ. ಗೇಣಿ ಹಕ್ಕನ್ನು ಮನೆಯವರಲ್ಲದವರಿಗೆ ಮೃತ್ಯುಪತ್ರದ ಮೂಲಕ ದಾಟಿಸಲಾಗದು ಎಂಬುದೂ 1998ರಲ್ಲಿ ಜಮಖಂಡಿಯ ಸಂಗಪ್ಪ ಬಂಗಿ ಪ್ರಕರಣದಲ್ಲಿ ತೀರ್ಮಾನವಾಯಿತು. ಬದುಕಿರುವಾಗಲೇ ಕೂತು ವಾಟ್ನಿ ಮಾಡಿ ಎಂದು ಒತ್ತಾಯಿಸುತ್ತಿದ್ದ ಹಳಿಯಾಳದ ಹಳೆಯ ವಕೀಲರ ದಾರಿಯೇ ಸರಿ ಎಂದು ನಾನು ಇಂದಿಗೂ ನಂಬಿದ್ದೇನೆ. ವಾಟ್ನಿಯಾಗಿ, ಹಿಸ್ಸಾ ಅಳತೆಯಾಗಿ, ಪಹಣಿ ಬೇರೆಯಾದ ಮನೆಗಳಿಂದ ನನ್ನ ಬಳಿ ವ್ಯಾಜ್ಯ ಬಂದದ್ದು ಬಹಳ ಕಡಿಮೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮುಂದಿತ್ತು. 1994ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಆಗ ಅಪ್ಪ ಬದುಕಿರಬೇಕಿತ್ತೇ ಎಂಬ ಜಗ್ಗಾಟಕ್ಕೆ 2020ರ ವಿನೀತಾ ಶರ್ಮಾ ತೀರ್ಪು ತೆರೆ ಎಳೆಯಿತು. ಆಮೇಲೆ ನಮ್ಮ ಕಡೆ ಹೆಚ್ಚಿದ್ದು ಹಕ್ಕುಬಿಡುಗಡೆ ಪತ್ರಗಳು. ಹಬ್ಬಕ್ಕೆ ತವರಿಗೆ ಬಂದ ತಂಗಿಯಿಂದ, ಓದಿ ಹೇಳದೆಯೇ ಸಹಿ ಹಾಕಿಸಿಕೊಂಡದ್ದನ್ನು ಕಂಡಿದ್ದೇನೆ. ಅದು ಅನ್ಯಾಯ.

ಇನ್ನು ಕಾಡಿನ ನೆಲ. ತಾಲ್ಲೂಕಿನ ಹಳೆಯ ಕೇಂದ್ರ ಸೂಪಾ ಕಾಳಿಯ ಅಣೆಕಟ್ಟಿನಲ್ಲಿ ಮುಳುಗಿತು, ಅಲ್ಲಿಂದ ಎದ್ದ ಎಷ್ಟೋ ಜನ ರಾಮನಗರ ಸೇರಿದರು. ಉಳಿದ ಕುಣಬಿ, ಗೌಳಿ, ಸಿದ್ದಿ ಮನೆಗಳ ಅನ್ನ ಬಹುಪಾಲು ಅರಣ್ಯದ ಗಡಿಯೊಳಗೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಗುವ ಹಕ್ಕು ವಾರಸುದಾರರಿಗೆ ಬರುತ್ತದೆ, ಪರಭಾರೆಯಾಗುವುದಿಲ್ಲ. ಇಷ್ಟಬಂದವರಿಗೆ ಬರೆದುಕೊಡುವ ಮಾತೇ ಅಲ್ಲಿಲ್ಲ. ಸಿದ್ದಿಗಳ ಸ್ಥಿತಿ ಇನ್ನೂ ತೊಡಕಿನದು. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ಉತ್ತರಾಧಿಕಾರ ಕಾಯ್ದೆ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ 2005ರ ಸಮಪಾಲು ಹಿಂದೂ ಸಿದ್ದಿ ಮಗಳಿಗೆ ತಾನಾಗಿ ಬರದು. ಛತ್ತೀಸಗಡದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲವೆಂಬ ರೂಢಿಯನ್ನು ಸಾಬೀತುಪಡಿಸದೆ ಪಾಲು ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದ್ದು ದೊಡ್ಡ ಆಸರೆ. ಸಿದ್ದಿಗಳ ಡಮಾಮಿ ಕುಣಿತದ ಬಗ್ಗೆ ಬೇಕಾದಷ್ಟು ಬರೆದ ನಾವು, ಸಿದ್ದಿ ಮನೆಯಲ್ಲಿ ಅಪ್ಪನ ನಂತರ ಗದ್ದೆ ಯಾರಿಗೆ ಹೋಗುತ್ತದೆ ಎಂದು ಕೇಳಿ ಬರೆದಿಟ್ಟಿಲ್ಲ. ಹಕ್ಕುಪತ್ರ ಬರುವ ಮೊದಲೇ ಅರ್ಜಿದಾರ ತೀರಿಕೊಂಡರೆ ಮನೆಯವರು ಏನು ಮಾಡಬೇಕೆಂದು ತಿಳಿಸುವ ಒಂದು ಕನ್ನಡ ಕೈಪಿಡಿಯೂ ನನ್ನ ಕಪಾಟಿನಲ್ಲಿಲ್ಲ.

ಅದೇ ಅರಣ್ಯ ಹಕ್ಕು ಕಾಯ್ದೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದೆ: ಮದುವೆಯಾದವರ ಹಕ್ಕು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ದಾಖಲಾಗಬೇಕು. ಗುಂದದ ಆ ತಾಯಿಯ ಮನೆಯಿಂದ ಹೋದ ಅರ್ಜಿಯ ಪ್ರತಿಯನ್ನು ತರಿಸಿ ನೋಡಿದೆ. ಅದರಲ್ಲಿದ್ದದ್ದು ಗಂಡನ ಹೆಸರೊಂದೇ.