ಸುಣ್ಣ ಸುಟ್ಟ ಕಣ್ಣು

ಕದರಮಂಡಲಗಿಯ ಕಾಂತೇಶನ ದರ್ಶನ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿದ್ದಾಗ, ಸುಣ್ಣದ ಪೊಟ್ಟಣ ಹಿಚುಕುತ್ತಿದ್ದ ಮಗುವನ್ನು ಕಂಡು ನನ್ನೆದೆ ಝಲ್ಲೆಂದಿತು. ಸುಣ್ಣ ಸಿಡಿದರೆ ಕಪ್ಪುಗುಡ್ಡೆಯ ಅಂಚಿನ ಆಕರಕೋಶಗಳು ಸುಟ್ಟುಹೋಗುತ್ತವೆ. ಕಣ್ಣಿನ ಮೇಲ್ಪೊರೆಯನ್ನು ಸದಾ ಹೊಸದಾಗಿ ಹುಟ್ಟಿಸುವ ಕೋಶಗಳವು. ‘ಸ್ಟೆಮ್ ಸೆಲ್’ಗೆ ‘ಕಾಂಡಕೋಶ’ವೆಂಬ ಪದ ನನಗೆ ಸೇರದು, ಇವು ಬೇರುಗಳು. ಬೇರು ಸತ್ತಮೇಲೆ ದಾನದ ಕಣ್ಣೂ ಬಹುಕಾಲ ನಿಲ್ಲದು.

1997ರಲ್ಲಿ ಇಟಲಿಯ ವಿಜ್ಞಾನಿಗಳು ರೋಗಿಯ ಒಳ್ಳೆಯ ಕಣ್ಣಿನ ಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ಕೆಟ್ಟ ಕಣ್ಣಿಗೆ ಕೂಡಿಸಿದ್ದನ್ನು ಪ್ರಕಟಿಸಿದರು. 2001ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರಸಂಸ್ಥೆ ಆ ಹಾದಿ ಹಿಡಿಯಿತು. 2012ರಲ್ಲಿ ಅಲ್ಲಿಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು ಪ್ರಯೋಗಾಲಯವೂ ಬೇಡವೆಂದು ತೋರಿಸಿಕೊಟ್ಟರು: ಒಳ್ಳೆಯ ಕಣ್ಣಿನಂಚಿನ ಚೂರನ್ನು ಸಣ್ಣಗೆ ಹೆಚ್ಚಿ, ಬ್ಯಾಡಗಿಯವರು ಮೆಣಸಿನ ಸಸಿ ನೆಟ್ಟಂತೆ, ಕೆಟ್ಟ ಕಣ್ಣಿನ ಮೇಲೆ ಅಲ್ಲಲ್ಲಿ ಇಟ್ಟರೆ ಅಲ್ಲಿಯೇ ಬೆಳೆಯುತ್ತದೆ. ಎರಡೂ ಕಣ್ಣು ಸುಟ್ಟವರಿಗೆ ಮಾತ್ರ ತಮ್ಮದೆನ್ನುವ ಸಸಿ ಉಳಿದಿರುವುದಿಲ್ಲ.